ಎಡಗಡೆಯ ಸಹಿ

ಅದೇ ಕಾಗದ ಐದನೆಯ ಸಲ ನನ್ನ ಮುಂದೆ ಬಂದಾಗ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಕಚೇರಿಯ ಕಾಗದಪತ್ರ ನೋಡಿಕೊಳ್ಳುವ ವಿಶಾಖಾ ಅದನ್ನು ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೊಂದು ಪೆನ್ನು ಇಟ್ಟಳು. ನನ್ನ ಮುಖ ನೋಡಲಿಲ್ಲ.

"ಅಮ್ಮ, ಇದೊಂದ್ಸಲ ಓದ್ಬಿಡಿ. ಕನ್ನಡ ಸರಿಯಾಗಿದೆ ಅಂತ ಕೆಳಗೆ ಸೈನ್ ಹಾಕಿದ್ರೆ ಆಯ್ತು."

"ಫೆಬ್ರವರೀಲೇ ಓದಿದ್ನಲ್ಲಮ್ಮ. ಒಂದಕ್ಷರಾನೂ ಬದಲಾಗಿಲ್ಲ."

"ಮೇಲೆ ಬದಲಾಗಿಲ್ಲ. ಕೆಳಗೆ ಬದಲಾಗಿದೆ."

ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ‘ನಿಮ್ಮ ಬಾಯಿಂದ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಕಾಯಿಲೆ ಕಂಡಿದೆ. ಹೆದರಬೇಡಿ, ಇದಕ್ಕೆ ಚಿಕಿತ್ಸೆ ಇದೆ. ಈ ಕಾಗದವನ್ನೂ ಜೊತೆಗಿರುವ ರಿಪೋರ್ಟನ್ನೂ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಬನ್ನಿ.’ ಈ ಮೂರು ಸಾಲೂ ನನ್ನವು. ಮೊದಲು ಡಾಕ್ಟರುಗಳು ಬರೆದದ್ದು ಬೇರೆ ಇತ್ತು: ‘ತಮ್ಮ ಅಂಗಾಂಶ ಪರೀಕ್ಷೆಯ ಫಲಿತಾಂಶವು ಹೆಚ್ಚಿನ ಮೌಲ್ಯಮಾಪನವನ್ನು ಅಪೇಕ್ಷಿಸುತ್ತದೆ.’ ಇಂಥ ಕಾಗದ ಬಂದರೆ ಜನ ಅದನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾಗುತ್ತಾರೆ ಎಂದು ನಾನು ಸಭೆಯಲ್ಲಿ ಹೇಳಿದ್ದೆ. ಎಲ್ಲರೂ ನಕ್ಕು, ಹಾಗಾದರೆ ನೀವೇ ಬರೆಯಿರಿ ಎಂದಿದ್ದರು.

ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿ ಈ ಕಚೇರಿ ಇದೆ. ‘ಕೂಡುಹೆಜ್ಜೆ’ ಎಂದು ಯೋಜನೆಯ ಹೆಸರು. ಒಂದು ಸಂಶೋಧನಾ ಸಂಸ್ಥೆ, ಒಂದು ಖಾಸಗಿ ಆಸ್ಪತ್ರೆ, ಎರಡೂ ಸೇರಿ ಬಡವರ ಬೀದಿಗಳಲ್ಲಿ ಬಾಯಿ ಕ್ಯಾನ್ಸರ್ ಹುಡುಕಿ, ಅದರ ಮೇಲೆ ಸಂಶೋಧನೆ ಮಾಡಿ, ಕಾಯಿಲೆಯವರಿಗೆ ಚಿಕಿತ್ಸೆಯನ್ನೂ ಕೊಡಬೇಕು. ಸಂಶೋಧನೆಗೆ ಡಾಕ್ಟರ್ ವಾದಿರಾಜ ಮುಖ್ಯಸ್ಥರು, ಆರೈಕೆಗೆ ಡಾಕ್ಟರ್ ಆರಾಧನಾ. ಇಬ್ಬರೂ ಸರಿಸಮಾನರು ಎಂದು ಒಪ್ಪಂದದಲ್ಲಿ ಬರೆದಿದೆಯಂತೆ. ಹಾಗಾಗಿ ಅವರ ಕೋಣೆಗಳು ಒಂದೇ ಅಳತೆಯಲ್ಲಿರಲೆಂದು ನಡುವಿನ ಮರದ ತಡಿಕೆಯನ್ನು ಎರಡು ಸಲ ಕಿತ್ತು ಸರಿಸಿದ್ದರು. ಸರಿಸಿದ ಗೀರು ಕೆಂಪು ನೆಲದ ಮೇಲೆ ಇನ್ನೂ ಇದೆ.

ನಾನು ಅಲ್ಲಿಗೆ ಸೇರಿದ್ದು ಒಂದು ನಿಯಮದಿಂದ. ಮನುಷ್ಯರ ಮೇಲೆ ಸಂಶೋಧನೆ ಮಾಡುವವರು ನೈತಿಕ ಸಮಿತಿಯೊಂದರ ಒಪ್ಪಿಗೆ ಪಡೆಯಬೇಕು. ಆ ಸಮಿತಿಯಲ್ಲಿ ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದ ನಾನು, ಚಿಕ್ಕಮುನಿಯಮ್ಮ, ಅವರ ಕಣ್ಣಿಗೆ ಬಿದ್ದೆ. ಹೊರಗಿನವರು ಬಂದಾಗಲೆಲ್ಲ ಆರಾಧನಾ ನನ್ನ ಭುಜ ಹಿಡಿದು, "ಇವರು ನಮ್ಮ ಜನಸಾಮಾನ್ಯರು, ರಾತ್ರಿ ಶಾಲೇಲಿ ಓದಿದೋರು" ಎನ್ನುತ್ತಿದ್ದರು. ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸುತ್ತಿದ್ದರು.

ಕಾಗದದ ಕೆಳಗೆ ಇಬ್ಬರು ಮುಖ್ಯಸ್ಥರ ಸಹಿಯೂ ಇರಬೇಕೆಂದು ತೀರ್ಮಾನವಾಗಿತ್ತು. ಮೊದಲ ಪ್ರತಿಯಲ್ಲಿ ವಾದಿರಾಜರ ಹೆಸರು ಎಡಗಡೆ, ಆರಾಧನಾ ಅವರದು ಬಲಗಡೆ ಇತ್ತು. ಎಡದಿಂದ ಓದುವವರಿಗೆ ಎಡಗಡೆಯವರೇ ಮೊದಲನೆಯವರಾಗುತ್ತಾರೆ ಎಂದು ಆರಾಧನಾ ನಗುನಗುತ್ತಲೇ ತಕರಾರು ತೆಗೆದರು.

"ಸರ್, ಕಾಗದ ಹೋಗೋದು ರೋಗಿಗೆ. ರೋಗಿ ಅಂದ್ಮೇಲೆ ಆರೈಕೆ ಮೊದಲು ಬರ್ಬೇಕಲ್ವಾ?"

"ಖಂಡಿತಾ ಮೇಡಂ," ವಾದಿರಾಜರೂ ನಕ್ಕರು. "ಆದ್ರೆ ಅವರು ರೋಗಿ ಅಂತ ಕಂಡುಹಿಡಿದಿದ್ದು ಯಾರು?"

ಎರಡನೆಯ ಪ್ರತಿಯಲ್ಲಿ ಹೆಸರುಗಳು ಅದಲುಬದಲಾದವು. ಆಗ ಸಮಿತಿಯ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶ ಮಲ್ಲಿಕಾರ್ಜುನಯ್ಯನವರು, ಕಾಫಿ ಲೋಟ ಕೆಳಗಿಟ್ಟು, "ನಮ್ಮ ಪತ್ರ ವ್ಯವಹಾರದಲ್ಲಿ ದೊಡ್ಡೋರ ಸಹಿ ಯಾವಾಗಲೂ ಬಲಗಡೆ ಇರೋದು" ಎಂದುಬಿಟ್ಟರು. ಅವತ್ತಿನಿಂದ ಎಡಗಡೆ ಯಾರಿಗೂ ಬೇಡವಾಯಿತು. ಏಪ್ರಿಲ್‌ನ ಸಭೆ, ಜೂನ್‌ನ ಸಭೆ, ಎರಡೂ ಅದರಲ್ಲೇ ಕಳೆದವು. ನಾನು ಅವರ ಉಪ್ಪಿಟ್ಟು ತಿಂದು, ಅವರು ನಕ್ಕಾಗ ನಕ್ಕು, ಮನೆಗೆ ಬಂದೆ. ಜನವರಿಯಲ್ಲಿ ನಡೆದ ಬಾಯಿ ತಪಾಸಣೆಯ ಶಿಬಿರಕ್ಕೆ ಬಂದವರಿಗೆ ಆಗಲೇ ಬೇರೆ ಯಾವುದೋ ಕಾಗದ ಹೋಗಿರುತ್ತದೆ, ಇದು ಮುಂದಿನ ಶಿಬಿರಕ್ಕೆ ಎಂದುಕೊಂಡಿದ್ದೆ. ಕೇಳಲಿಲ್ಲ. ಕೇಳುವುದು ನನ್ನ ಕೆಲಸವೇ ಆಗಿತ್ತು.

ಈಗ ಐದನೆಯ ಪ್ರತಿಯಲ್ಲಿ ಹೆಸರುಗಳು ಪಕ್ಕಪಕ್ಕ ಇರಲಿಲ್ಲ, ಒಂದರ ಕೆಳಗೊಂದು ಇದ್ದವು. "ಇದಕ್ಕೆ ಒಪ್ಪಿದ್ರಾ?" ಎಂದೆ.

"ಮೇಲೆ ಯಾರು ಅಂತ ಮಾತಾಡ್ತಿದಾರೆ," ಎಂದಳು ವಿಶಾಖಾ.

ನಾನು ಕನ್ನಡ ಸರಿ ಇದೆ ಎಂದು ಸಹಿ ಹಾಕಿ ಹೊರಟೆ.

ಮನೆಗೆ ಹೋಗುವ ಮೊದಲು ಸೊಪ್ಪು ತರಲು ಗವಿಪುರಂ ಕಡೆ ನಡೆದೆ. ಅಲ್ಲಿ ತಿರುವಿನಲ್ಲಿ ಅಂಜಮ್ಮ ಕೂರುತ್ತಾಳೆ. ಕಲಾಸಿಪಾಳ್ಯದಿಂದ ಬೆಳಗ್ಗೆಯೇ ಹೊರೆ ತಂದು, ಗೋಣಿಯ ಮೇಲೆ ಹರಡಿ, ನೀರು ಚಿಮುಕಿಸುತ್ತಾ ಕೂತಿರುತ್ತಾಳೆ. ನನಗಿಂತ ಏಳು ವರ್ಷ ಚಿಕ್ಕವಳು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುವಾಗ ನಾವಿಬ್ಬರೂ ಒಂದೇ ಬೆಂಚಿನವರು. ಜನವರಿಯ ಶಿಬಿರಕ್ಕೆ ಅವಳನ್ನು ಕೈಹಿಡಿದು ಎಳೆದುಕೊಂಡು ಹೋದವಳು ನಾನೇ. ಆಮೇಲೆ ನನ್ನ ಮಂಡಿನೋವಿನಿಂದ ಆ ಕಡೆ ಹೋಗುವುದು ಕಡಿಮೆಯಾಗಿ, ಅವಳನ್ನು ನೋಡಿ ಮೂರು ತಿಂಗಳ ಮೇಲಾಗಿತ್ತು.

ಅವಳು ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು.

"ಏನೇ ಅದು?"

"ಹುಣ್ಣು ಅಕ್ಕ. ಉಷ್ಣ." ಬಾಯಿಯ ಒಂದೇ ಬದಿಯಿಂದ ಮಾತಾಡಿದಳು. "ಖಾರ ಬಿಟ್ಟೆ, ಎಲೆ ಅಡಿಕೆ ಬಿಟ್ಟೆ, ಹೊಗೆಸೊಪ್ಪೂ ಬಿಟ್ಟೆ. ಗಂಜಿ ಕುಡೀತಿದೀನಿ. ಸೊಸೆ ನಗ್ತಾಳೆ, ಅತ್ತೆ ಈಗ ಸನ್ಯಾಸಿ ಆದ್ರು ಅಂತಾಳೆ."

"ಶಿಬಿರದಲ್ಲಿ ತುಣುಕು ತೆಗೆದ್ರಲ್ಲ, ಏನಂದ್ರು?"

"ಏನೂ ಇಲ್ವಂತೆ."

"ಯಾರು ಹೇಳಿದ್ದು?"

"ಅಲ್ಲೇ ಹೇಳಿದ್ರಲ್ಲಕ್ಕ, ನೀನೂ ಪಕ್ಕದಲ್ಲೇ ಇದ್ದೆ. ಏನಾದ್ರೂ ಇದ್ರೆ ಕಾಗದ ಬರುತ್ತೆ, ಬರದಿದ್ರೆ ಏನೂ ಇಲ್ಲ ಅಂತ ತಿಳ್ಕೊಳ್ಳಿ ಅಂತ. ಬಂದಿಲ್ಲ. ಅದಕ್ಕೇ ಧೈರ್ಯವಾಗಿದೀನಿ."

ನಾನು ದಂಟಿನ ಸೊಪ್ಪು ತೆಗೆದುಕೊಳ್ಳಲು ಬಗ್ಗಿದೆ. ಅವಳು ಸೆರಗು ಸರಿಸಿದಾಗ ವಾಸನೆ ಬಂತು. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನೆಲ ಒರೆಸಿದ ಮೂಗು ನನ್ನದು. ಅದು ಉಷ್ಣದ ಹುಣ್ಣಿನ ವಾಸನೆಯಲ್ಲ. ಮಾಂಸ ಒಳಗೇ ಕೆಡುವ ವಾಸನೆ.

ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು, ಮಂಡಿ ನೋವನ್ನೂ ಮರೆತು, ಬಂದ ದಾರಿಯಲ್ಲೇ ಕಚೇರಿಗೆ ಹಿಂತಿರುಗಿದೆ.

"ವಿಶಾಖಾ, ಜನವರೀಲಿ ಬಂದೋರಿಗೆ ಯಾವ ಕಾಗದ ಕಳಿಸಿದ್ರಿ?"

ಅವಳು ಎದ್ದು ಬೀರು ತೆಗೆದಳು. ಮೇಲಿನ ಖಾನೆಯಲ್ಲಿ ಕಂದು ಬಣ್ಣದ ಕವರುಗಳ ಎರಡು ಕಟ್ಟು ಇತ್ತು, ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡ್. ಒಂದು ಬ್ಯಾಂಡ್ ತಿಂಗಳುಗಟ್ಟಲೆ ಹಾಗೇ ಇದ್ದು ಒಣಗಿ ತುಂಡಾಗಿ ಕಾಗದಕ್ಕೇ ಅಂಟಿಕೊಂಡಿತ್ತು. ಹೆಸರು, ವಿಳಾಸ, ಅಂಚೆ ಚೀಟಿ, ಎಲ್ಲವೂ ಇತ್ತು.

"ಮೂವತ್ತೆಂಟು ಅಮ್ಮ. ಒಳಗೆ ರಿಪೋರ್ಟ್ ಇದೆ. ಲ್ಯಾಬಿನವರು ಫೆಬ್ರವರಿ ಎರಡನೇ ವಾರದಲ್ಲೇ ಸೈನ್ ಹಾಕಿ ಕಳಿಸಿದ್ರು. ಮೇಲಿನ ಕಾಗದ ಒಂದು ಸೇರಿಸಿ ಅಂಟಿಸ್ಬೇಕು, ಅಷ್ಟೆ."

"ಯಾವ ಕಾಗದ?"

ಅವಳು ನನ್ನನ್ನೇ ನೋಡಿದಳು. ನನಗೂ ಗೊತ್ತಾಗಿತ್ತು. ಆದರೂ ಕೇಳಿದ್ದೆ.

"ನಾನು ಎರಡ್ಸಲ ಕೇಳ್ದೆ ಅಮ್ಮ, ಹಾಗೇ ಕಳಿಸ್ಬಿಡ್ಲಾ ಅಂತ. ಪ್ರೋಟೋಕಾಲ್, ಇಬ್ಬರ ಸಹಿ ಇಲ್ದೆ ಕಳಿಸೋ ಹಾಗಿಲ್ಲ ಅಂದ್ರು."

ಕಟ್ಟಿನಲ್ಲಿ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ನೋಡಬಾರದು, ಗೌಪ್ಯ ಎಂದು ನಾನೇ ಸಹಿ ಹಾಕಿದ ಕಾಗದವೂ ಅದೇ ಕಚೇರಿಯಲ್ಲಿತ್ತು. ವಿಶಾಖಾ ತಡೆಯಲಿಲ್ಲ. ಹನ್ನೊಂದನೆಯದು ಅಂಜಮ್ಮನದು.

ವಾದಿರಾಜರ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ಇದ್ದರು. ಸೋಮವಾರ ಹೊರದೇಶದ ಅತಿಥಿಗಳು ಯೋಜನೆಯನ್ನು ನೋಡಲು ಬರುವವರಿದ್ದರು. ಬ್ಯಾನರಿನ ನಮೂನೆಯೊಂದು ಮೇಜಿನ ತುಂಬ ಹರಡಿತ್ತು. ಅದರಲ್ಲಿ ಇಬ್ಬರ ಮುಖವೂ ಒಂದೇ ಅಳತೆಯಲ್ಲಿ ನಗುತ್ತಿತ್ತು. ಪಕ್ಕದಲ್ಲಿ ಎರಡು ಲೋಟ ಬಾದಾಮಿ ಹಾಲು ಕೆನೆಗಟ್ಟಿ ಕೂತಿತ್ತು.

"ಬನ್ನಿ ಅಮ್ಮ! ಈಗ ತಾನೇ ನಿಮ್ಮನ್ನೇ ನೆನೆಸ್ಕೊಂಡ್ವಿ," ಎಂದರು ಆರಾಧನಾ. "ಸೋಮವಾರ ಒಳ್ಳೆ ಸೀರೆ ಉಟ್ಕೊಂಡು ಬನ್ನಿ. ಆ ಕಾಗದಾನ ನಿಮ್ಮ ಧ್ವನೀಲೇ ಓದಿಸ್ಬೇಕು ಅಂತಿದೀವಿ."

"ಮೇಡಂ, ಮೂವತ್ತೆಂಟು ಜನಕ್ಕೆ ಕಾಯಿಲೆ ಇದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವರು ವಾದಿರಾಜರ ಕಡೆ ನೋಡಿದರು. ವಾದಿರಾಜರು ಕನ್ನಡಕ ತೆಗೆದು ಒರೆಸಿದರು.

"ನಮ್ಮ ಡಾಟಾ ಫೆಬ್ರವರೀಲೇ ಪೂರ್ತಿ ಆಗಿದೆ ಅಮ್ಮ. ಸಂಶೋಧನೆ ಕಡೆಯಿಂದ ಒಂದು ದಿನಾನೂ ತಡ ಆಗಿಲ್ಲ. ಬೇಕಾದ್ರೆ ತೋರಿಸ್ತೀನಿ."

"ಆರೈಕೆ ಕಡೆಯಿಂದಾನೂ ತಡ ಇಲ್ಲ," ಎಂದರು ಆರಾಧನಾ. "ಬೆಡ್ ರೆಡಿ, ಸರ್ಜನ್ ರೆಡಿ. ಬಂದ ದಿನವೇ ನೋಡ್ತೀವಿ. ಅವರು ಬಂದೇ ಇಲ್ಲ ಅಂದ್ರೆ ನಾವೇನ್ ಮಾಡೋಣ?"

"ಹೇಳದೆ ಹೇಗೆ ಬರ್ತಾರೆ?"

"ಅದಕ್ಕೇ ಕಾಗದ..." ಇಬ್ಬರೂ ಒಟ್ಟಿಗೆ ಹೇಳಿ, ಒಟ್ಟಿಗೆ ನಿಲ್ಲಿಸಿದರು.

"ಹಾಗಾದ್ರೆ ಇವತ್ತೇ ಕಳಿಸಿ. ಯಾರಾದ್ರೂ ಒಬ್ಬರು ಸಹಿ ಹಾಕಿ."

"ಒಬ್ಬರೇ ಹಾಕಿದ್ರೆ ಜಂಟಿ ಯೋಜನೆ ಹೇಗಾಗುತ್ತೆ ಅಮ್ಮ?" ವಾದಿರಾಜರು ಮಗುವಿಗೆ ಹೇಳುವ ಹಾಗೆ ಹೇಳಿದರು.

"ಯಾರೂ ಹಾಕ್ಬೇಡಿ. ಫೋನಾದ್ರೂ ಮಾಡಿ."

"ಫೋನಲ್ಲಿ ಹೇಳ್ಬಾರದು ಅಂತ ನೀವೇ ಹೇಳಿದ್ರಿ. ಸಭೆಯ ಮಿನಿಟ್ಸ್‌ನಲ್ಲಿದೆ," ಎಂದರು ವಾದಿರಾಜರು.

ಹೌದು, ಹೇಳಿದ್ದೆ. ಫೋನಿನಲ್ಲಿ ಕೇಳಿದವರು ಅಲ್ಲೇ ಕುಸಿಯುತ್ತಾರೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದಿದ್ದೆ. ಒಳ್ಳೆಯ ಮಾತೆಂದು ಬರೆದುಕೊಂಡಿದ್ದರು. ಈಗ ಅದನ್ನೇ ತೆಗೆದು ನನ್ನ ಮುಖಕ್ಕೆ ಹಿಡಿದರು.

ಆಮೇಲೆ ನಾನು ಮಾಡಿದ ತಪ್ಪೆಂದರೆ ಅಂಜಮ್ಮನ ಹೆಸರು ಹೇಳಿದ್ದು. ಗವಿಪುರಂನ ತಿರುವಿನಲ್ಲಿ ಸೊಪ್ಪು ಮಾರುತ್ತಾಳೆ, ಕೆನ್ನೆ ಊದಿದೆ, ಕಾಗದ ಬರಲಿಲ್ಲವೆಂದು ಧೈರ್ಯವಾಗಿದ್ದಾಳೆ ಎಂದೆ. ಅವರಿಗೆ ಕರುಳು ಚುರುಕ್ ಎನ್ನುತ್ತದೆ ಎಂದುಕೊಂಡೆ. ವಾದಿರಾಜರ ಕಣ್ಣು ಅರಳಿತು.

"ಸೊಪ್ಪು ಮಾರೋರಾ? ನಿಮಗೆ ಪರಿಚಯಾನಾ?" ಎಂದು ಆರಾಧನಾ ಕಡೆ ತಿರುಗಿದರು. "ಮೇಡಂ, ಇದನ್ನ ಯಾಕೆ ಹೀಗೆ ಮಾಡಬಾರದು? ಸೋಮವಾರ ಮೊದಲನೇ ಕಾಗದಾನ ಅವರ ಕೈಗೇ ಕೊಡೋಣ. ವೇದಿಕೆ ಮೇಲೆ."

"ಓ! ಇಬ್ಬರೂ ಸೇರಿ ಕೊಡೋಣ ಸರ್. ಒಂದು ತುದಿ ನೀವು ಹಿಡ್ಕೊಳ್ಳಿ, ಒಂದು ತುದಿ ನಾನು. ಮಧ್ಯದಲ್ಲಿ ಅವರು."

"ಸಹಿದೂ ಅಲ್ಲಿಗೆ ಮುಗೀತು. ಅಲ್ಲೇ ಎಲ್ಲರ ಎದುರಿಗೆ ಒಟ್ಟಿಗೇ ಹಾಕೋಣ."

ಏಳು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಂತೋಷಕ್ಕೆ ವಾದಿರಾಜರು ಹಾಲಿನ ಲೋಟ ಎತ್ತಿದರು. ಕೆನೆ ಮೀಸೆಗೆ ಅಂಟಿತು. ನಾಲಿಗೆಯಿಂದ ಅದನ್ನು ಒಳಗೆ ಎಳೆದುಕೊಂಡರು.

ಆರಾಧನಾ ದನಿ ತಗ್ಗಿಸಿ ಕೇಳಿದರು: "ಅಮ್ಮ, ಗಾಯ ಹೊರಗಡೆ ಕಾಣುತ್ತಾ? ಅಂದ್ರೆ, ಆಮೇಲೆ ಅತಿಥಿಗಳಿಗೆ ಊಟ ಇದೆ. ಸೆರಗು ಹೊದ್ಕೊಂಡ್ರೆ ಫೋಟೋಗೂ ಚೆನ್ನಾಗಿರುತ್ತೆ."

ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

"ಅವಳ ಬಾಯಿ ನಾರ್ತಾ ಇದೆ ಮೇಡಂ. ಅಷ್ಟು ಹತ್ತಿರ ನೀವಿಬ್ಬರೂ ನಿಂತ್ಕೊಳ್ಳೋಕೆ ಆಗಲ್ಲ."

"ಛೇ, ಹಾಗೆಲ್ಲ ನಾವು ಅಂದ್ಕೊಳ್ಳಲ್ಲ ಅಮ್ಮ," ಎಂದು ಅವರು ನನ್ನ ಕೈ ತಟ್ಟಿದರು. "ಮಾಸ್ಕ್ ಹಾಕ್ಕೋತೀವಿ."

ಕೈಯನ್ನು ಹಿಂದಕ್ಕೆಳೆದುಕೊಂಡು ಹೊರಗೆ ಬಂದು, ಹಿತ್ತಲಿನ ನಲ್ಲಿಯ ಕೆಳಗೆ ಅವರು ಮುಟ್ಟಿದ ಜಾಗವನ್ನು ತೊಳೆದೆ. ಹೆಣ ತೊಳೆದ ಕೈ ಇದು, ಹೆತ್ತ ತಾಯಂದಿರ ರಕ್ತ, ಮಲ ಎಲ್ಲವನ್ನೂ ಬಾಚಿದ ಕೈ. ಯಾವತ್ತೂ ಹೀಗೆ ಉಜ್ಜಿಕೊಂಡಿರಲಿಲ್ಲ.

ವಿಶಾಖಾ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಒಳಗೆ ಬಂದಾಗ ಬೀರುವಿನ ಬಾಗಿಲು ತೆರೆದೇ ಇತ್ತು. ನನ್ನ ಮೂರು ಸಾಲಿನ ಕಾಗದದ ಮೂವತ್ತೆಂಟು ಪ್ರತಿ ಆಗ ತಾನೇ ಅಚ್ಚಾಗಿ ಕವರುಗಳ ಪಕ್ಕದಲ್ಲಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ.

"ನಾನು ಊಟಕ್ಕೆ ಹೋಗ್ತಿದೀನಿ ಅಮ್ಮ," ಎಂದಳು. "ಬರೋದು ಮುಕ್ಕಾಲು ಗಂಟೆ ಆಗುತ್ತೆ."

"ನಿನ್ನ ಕೆಲಸ ಹೋಗುತ್ತೆ ಕಣಮ್ಮ."

"ದಿನಾ ಬೆಳಗ್ಗೆ ಬಂದು ಈ ಬೀರು ತೆಗೀಬೇಕು. ಸ್ಟೇಪ್ಲರ್ ಇರೋದು ಇದರಲ್ಲೇ." ಚಪ್ಪಲಿ ಮೆಟ್ಟಿಕೊಂಡಳು. "ತೆಗೆದಾಗಲೆಲ್ಲ ಈ ಹೆಸರುಗಳು ಕಣ್ಣಿಗೆ ಬೀಳ್ತವೆ ಅಮ್ಮ. ಹೋಗ್ಲಿ ಬಿಡಿ."

ನಾನು ಕೂತು ಒಂದೊಂದು ಕವರಿಗೂ ಒಂದೊಂದು ಕಾಗದ ಸೇರಿಸಿದೆ. ಅವಸರ ಮಾಡಲಿಲ್ಲ. ಒಬ್ಬರ ರಿಪೋರ್ಟು ಇನ್ನೊಬ್ಬರ ಕವರಿಗೆ ಹೋಗಬಾರದು. ಎಲ್ಲವನ್ನೂ ಸೊಪ್ಪಿನ ಚೀಲಕ್ಕೆ ತುಂಬಿಕೊಂಡು ಹೊರಬಿದ್ದೆ. ಪಕ್ಕದ ಕೋಣೆಯಲ್ಲಿ ವೇದಿಕೆಯ ಹೂವು ಯಾವ ಬಣ್ಣದ್ದಿರಬೇಕೆಂದು ಮಾತು ನಡೆದಿತ್ತು.

ಅಂಜಮ್ಮ ಉಳಿದ ಸೊಪ್ಪನ್ನು ಗೋಣಿಯಲ್ಲಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಕೂತು ಕವರನ್ನು ಅವಳ ಕೈಗೆ ಕೊಟ್ಟೆ. ನಾನೇ ಬಾಯಿಬಿಟ್ಟು ಹೇಳಬೇಕೆಂದುಕೊಂಡಿದ್ದೆ. ಆಗಲಿಲ್ಲ. ಅವಳಿಗೆ ಓದಲು ಬರುತ್ತದೆ. ಬೆರಳಿಟ್ಟು, ತುಟಿಯಾಡಿಸಿ, ಮೂರು ಸಾಲನ್ನೂ ಓದಿದಳು. ಮತ್ತೊಮ್ಮೆ ಓದಿದಳು.

"ಇದು ನೀನು ಬರ್ದಿದ್ದು," ಎಂದಳು.

"ಹೂಂ."

"ಡಾಕ್ಟ್ರು ಬರೆಯೋ ಥರ ಇಲ್ಲ. ಯಾವಾಗ ಬರ್ದೆ?"

"ಫೆಬ್ರವರೀಲಿ."

ಅವಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು. ಎದುರಿಗೆ ಒಬ್ಬಾಕೆ ಬಂದು ಕೊತ್ತಂಬರಿ ಇದೆಯಾ ಎಂದಳು. ಅಂಜಮ್ಮ ಕೈಯಾಡಿಸಿ ಕಳಿಸಿದಳು.

"ದಿನಾ ಸೊಸೇನ ಕೇಳ್ತಿದ್ದೆ ಅಕ್ಕ, ಕಾಗದ ಏನಾದ್ರೂ ಬಂತಾ ಅಂತ. ಬಂದಿಲ್ಲ ಅಂದ್ರೆ ಅವತ್ತು ನೋವಿದ್ರೂ ನೆಮ್ಮದಿಯಾಗಿ ಗಂಜಿ ಕುಡೀತಿದ್ದೆ." ಕವರನ್ನು ತಿರುಗಿಸಿ ನೋಡಿ, "ಎಲ್ಲಿತ್ತು ಇದು?"

ಹೇಳಿದೆ. ಬೀರು, ಸಹಿ, ಎಡ, ಬಲ, ಮೇಲೆ, ಕೆಳಗೆ, ಎಲ್ಲವನ್ನೂ. ಸೋಮವಾರದ ವೇದಿಕೆಯನ್ನೂ ಬಚ್ಚಿಡಲಿಲ್ಲ. ನಾನೂ ಐದು ಸಲ ಓದಿ ಸಹಿ ಹಾಕಿದೆ, ಇದು ಯಾರಿಗೆ ಹೋಗುತ್ತದೆ ಎಂದು ಕೇಳಲಿಲ್ಲ ಎಂದೂ ಹೇಳಿದೆ.

ಅಂಜಮ್ಮ ಪಕ್ಕಕ್ಕೆ ತಿರುಗಿ ಮೋರಿಗೆ ಉಗಿದಳು. ಉಗುಳು ಕೆಂಪಗಿತ್ತು. ಎಲೆ ಅಡಿಕೆ ಬಿಟ್ಟು ತಿಂಗಳುಗಳಾಗಿತ್ತು.

"ಥೂ," ಎಂದಳು.

ಯಾರಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಆಟೋದಲ್ಲಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಆರಾಧನಾ ಅವರ ಆಸ್ಪತ್ರೆಗೆ ಹೋಗಲು ಅವಳು ಒಪ್ಪಲಿಲ್ಲ. ದಾರಿಯುದ್ದಕ್ಕೂ ಆಟೋದ ಹೊರಗೇ ನೋಡುತ್ತಿದ್ದಳು. ಚೀಟಿ ಮಾಡಿಸಿ ಸಾಲಿನಲ್ಲಿ ಕೂತಿದ್ದಾಗ ನನಗೆ ಫೋನು ಬಂತು. ಆರಾಧನಾ.

"ಅಮ್ಮ, ಬೀರುವಿನಲ್ಲಿ ಕವರ್‌ಗಳಿಲ್ಲ. ನಿಮಗೇನಾದ್ರೂ..." ಹಿಂದಿನಿಂದ ವಾದಿರಾಜರ ದನಿಯೂ ಕೇಳುತ್ತಿತ್ತು. "ಇದು ತುಂಬಾ ಗಂಭೀರ ಅಮ್ಮ. ಗೌಪ್ಯತೆ ಉಲ್ಲಂಘನೆ ಆಗುತ್ತೆ. ರೋಗಿಗಳ ಹಕ್ಕಿನ ಪ್ರಶ್ನೆ ಇದು. ಸಮಿತೀಲಿದ್ದು ನಿಮಗೇ ಗೊತ್ತಿರ್ಬೇಕಲ್ವಾ?"

"ಗೊತ್ತು ಮೇಡಂ. ನಾನೇ ತಗೊಂಡಿದೀನಿ. ಸಮಿತಿ ಕರೀರಿ, ಬರ್ತೀನಿ. ಅಲ್ಲಿ ಎಲ್ಲಾನೂ ಹೇಳ್ತೀನಿ."

"ಅಯ್ಯೋ, ಅಷ್ಟೆಲ್ಲ ಯಾಕೆ, ನಮ್ಮನಮ್ಮಲ್ಲೇ..."

ಫೋನು ಕತ್ತರಿಸಿದೆ. ಪಕ್ಕದಲ್ಲಿ ಅಂಜಮ್ಮ ಗೋಡೆಯನ್ನೇ ನೋಡುತ್ತಿದ್ದಳು.

ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಲ್ಲಿ ನಿದ್ದೆ ತುಂಬಿತ್ತು. ಟಾರ್ಚ್ ಹಾಕಿ ಬಾಯಿ ನೋಡಿದರು, ಕತ್ತಿನ ಗಂಟುಗಳನ್ನು ಒತ್ತಿ ನೋಡಿದರು, ರಿಪೋರ್ಟಿನ ತಾರೀಖು ನೋಡಿದರು.

"ಜನವರೀಲಿ ಬಯಾಪ್ಸಿ ಆಗಿದೆ. ಇಷ್ಟು ದಿನ ಎಲ್ಲಿದ್ರಿ? ಓದಿದೋರು ಮನೇಲಿ ಯಾರೂ ಇಲ್ವಾ?"

ಅಂಜಮ್ಮ ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಹೊರಗೆ ಸಾಲು ಉದ್ದವಿತ್ತು. ಅವರು ಮತ್ತೆ ಬರೆಯತೊಡಗಿದರು.

"ಸ್ಕ್ಯಾನ್ ಮಾಡಿಸಿ, ಗುರುವಾರ ಅಡ್ಮಿಟ್ ಆಗಿ. ಆಪರೇಷನ್ ಮಾಡ್ಬಹುದು. ಗುಣ ಆಗಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಈಗ ದವಡೆ ಒಂದು ಕಡೆ ತೆಗೀಬೇಕಾಗುತ್ತೆ, ಕತ್ತಿನ ಗಂಟೂ ತೆಗೀಬೇಕು. ಜನವರೀಲೇ ಬಂದಿದ್ರೆ..." ಅಲ್ಲಿಗೆ ನಿಲ್ಲಿಸಿ ಮುಂದಿನ ಚೀಟಿಗೆ ಕೈಚಾಚಿದರು.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಅಂಜಮ್ಮ ಕೇಳಿದಳು:

"ಬಂದಿದ್ರೆ ಏನಂತೆ?"

"ಗಾಯದ ಜಾಗ ಮಾತ್ರ ಕತ್ತರಿಸಿ ಹೊಲಿದಿರೋರು. ನಾಲ್ಕು ದಿನಕ್ಕೆ ಮನೆಗೆ ಬಂದಿರ್ತಿದ್ದೆ."

ಅವಳು ಊದಿದ ಕೆನ್ನೆಯ ಕೆಳಗೆ, ದವಡೆಯ ಮೂಳೆಯ ಗುಂಟ, ಕಿವಿಯಿಂದ ಗಲ್ಲದವರೆಗೆ ನಿಧಾನವಾಗಿ ಬೆರಳಾಡಿಸಿದಳು. ಆಮೇಲೆ ನನ್ನ ಕಾಲ ಬಳಿ ಇದ್ದ ಚೀಲ ನೋಡಿದಳು.

"ಉಳಿದಿರೋದೆಲ್ಲ ಅದರಲ್ಲೇ ಇದ್ಯಾ?"

"ಇದೆ."

"ಮತ್ತೆ ಇಲ್ಲಿ ನನ್ನ ಪಕ್ಕ ಕೂತ್ಕೊಂಡು ಏನ್ ಮಾಡ್ತಿದೀಯ? ಸ್ಕ್ಯಾನ್‌ಗೆ ಸೊಸೆ ಬರ್ತಾಳೆ. ಎದ್ದೇಳು, ಅವರವರ ಮನೆಗೆ ಮುಟ್ಟಿಸು."

ನಾನು ಎದ್ದೆ. ಹೋಗಿ ಬರ್ತೀನಿ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸೊಸೆ ಬರಬೇಕಾದ ಬಾಗಿಲ ಕಡೆ ತಿರುಗಿ ಕೂತಳು.